ವಸ್ತ್ರದ ಕೆಳಗಿನ ಬೆಲೆ

ಗೋಕಾಕ
೧೧ ಜನವರಿ ೧೯೫೯

ದನಗಳ ದಲಾಲಿ ಯಲ್ಲಾರಿಯವರಿಗೆ,

ಆರು ವರ್ಷದ ಮೇಲೆ ಮಗಳ ಕಾಗದ ಬಂತೆಂದು ಹಿಗ್ಗಬೇಡಿ. ತೀರ್ಥರೂಪ ಎಂದು ಬರೆಯಲು ಕೈ ಬರಲಿಲ್ಲ. ಅದಕ್ಕೇ ಸಂತೆಯಲ್ಲಿ ನಿಮ್ಮನ್ನು ಕರೆಯುವ ಹೆಸರನ್ನೇ ಬರೆದಿದ್ದೇನೆ. ಇದನ್ನು ನಿಮಗೆ ಓದಿ ಹೇಳುವ ನೇಮಣ್ಣ ಕಾಕಾ ನನ್ನ ಮೇಲೆ ಸಿಟ್ಟಾಗಬಾರದು.

ನಾನು ಇಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತಿದ್ದೇನೆ. ಸಂಜೆ ಹೊತ್ತು ಕೇದಾರಿ ಮಾಸ್ತರರ ಹತ್ತಿರ ಮ್ಯಾಟ್ರಿಕ್ಕಿನ ಇಂಗ್ಲಿಷ್ ಓದುತ್ತೇನೆ. ಹೋದ ವಾರದ ಪಾಠದಲ್ಲಿ ಒಂದು ಮಾತು ಬಂತು: ನೇಮ್ ಯುವರ್ ಪ್ರೈಸ್. ನಿನ್ನ ಬೆಲೆ ನೀನೇ ಹೇಳು ಎಂದು ಅರ್ಥ. ಕೊಳ್ಳುವವನಿಗೆ ವಸ್ತುವಿನ ಮೇಲೆ ಎಷ್ಟು ಆಸೆ ಎಂದರೆ, ಬೆಲೆ ಕಟ್ಟುವ ಅಧಿಕಾರವನ್ನೇ ಮಾರುವವನಿಗೆ ಬಿಟ್ಟುಕೊಡುತ್ತಾನೆ ಎಂದರು ಮಾಸ್ತರರು. ಈ ಮಾತನ್ನು ಸ್ವಂತ ವಾಕ್ಯದಲ್ಲಿ ಉಪಯೋಗಿಸಿ ತನ್ನಿ ಎಂದರು. ನಾಲ್ಕು ದಿನ ಕೂತರೂ ನನಗೆ ಒಂದು ವಾಕ್ಯ ಬರೆಯಲಾಗಲಿಲ್ಲ. ಈ ಮಾತನ್ನು ನಾನು ಹತ್ತು ವರ್ಷದ ಹಿಂದೆಯೇ ನಮ್ಮ ಪಡಸಾಲೆಯಲ್ಲಿ ಕನ್ನಡದಲ್ಲಿ ಕೇಳಿದ್ದೇನಲ್ಲ!

ಅಕ್ಕನನ್ನು ನೋಡಲು ತುಕ್ಕಾನಟ್ಟಿಯ ಭೀಮರಾಯ ಬಂದ ದಿನ ನನಗೆ ಹನ್ನೆರಡು ವರ್ಷ. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಹೆಣ್ಣಿನ ತೆರ ಎಷ್ಟಂತ ನೀನ ಹೇಳ ಯಲ್ಲಾರಿ. ನೀ ಹೇಳಿದ್ದಕ್ಕ ನಾ ಇಲ್ಲ ಅನ್ನಾಂವ ಅಲ್ಲ" ಎಂದು ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಮೇಲೆ ಹಾಸಿದ. ಸಂತೆಯಲ್ಲಿ ಎತ್ತಿನ ಬೆಲೆ ಕುದುರಿಸುವಾಗ ಮಾಡುತ್ತೀರಲ್ಲ, ಹಾಗೆಯೇ ನೀವು ವಸ್ತ್ರದ ಕೆಳಗೆ ಕೈ ಹಾಕಿದಿರಿ. ಬೆರಳು ಒತ್ತಿದ್ದು ಯಾರಿಗೂ ಕಾಣಲಿಲ್ಲ. ನಿಮ್ಮ ಮೊಣಕೈ ಅಲುಗಿದ್ದು ಮಾತ್ರ ಕಂಡಿತು. ಅಷ್ಟಕ್ಕೆ ಅಕ್ಕನ ಬದುಕು ತೀರ್ಮಾನವಾಯಿತು.

ನಾಲ್ಕು ವರ್ಷದ ಮೇಲೆ ಅವಳು ತಿರುಗಿ ಬಂದಳು. ನೀವು ಮರುದಿನವೇ ವಾಪಸು ಕಳಿಸಿದಿರಿ. ಆರನೆಯ ದಿನಕ್ಕೆ ಅವಳು ತುಕ್ಕಾನಟ್ಟಿಯ ಬಾವಿಯಲ್ಲಿದ್ದಳು. ಕಾಲು ಜಾರಿತು ಎಂದರು ಅಲ್ಲಿಯವರು.

ಎಷ್ಟು ಹೇಳಿದಿರಿ ಅಂದು? ಅದನ್ನು ತಿಳಿಯದೆ ನಾನು ಮೂಡಲಗಿಯ ಹೊಸ್ತಿಲು ತುಳಿಯುವುದಿಲ್ಲ. ಸಾಲೆಯ ಗೇಟಿನ ಹತ್ತಿರ ದಿನಾ ಮೂರು ಗಂಟೆಯ ಸುಮಾರಿಗೆ ಯಾರೋ ಗಂಟು ಹಿಡಿದು ನಿಂತಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅವಳಿಗೆ ನಾನು ಏನಾದರೂ ಉತ್ತರ ಹೇಳಬೇಕು.

ರಾಯವ್ವ


ಮೂಡಲಗಿ
೨೫ ಜನವರಿ ೧೯೫೯

ಚಿರಂಜೀವಿ ರಾಯವ್ವಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ನೇಮಣ್ಣ ಎರಡು ಸಲ ಓದಿದ. ನನಗೆ 'ನೀವು' ಎಂದು ಬರೆದಿದ್ದೀಯಂತೆ. ಎರಡನೆಯ ಸಲವೂ ಹಾಗೆಯೇ ಓದಿದ, ಆಮೇಲೆ ನಂಬಿದೆ. ನಾನು ಆಡಿದ ಮಾತನ್ನು ಇವನು ಪುಸ್ತಕದ ಮಾತು ಮಾಡಿ ಬರೆಯುತ್ತಾನೆ. ಹಗ್ಗ, ಗೆಜ್ಜೆ ಮಾರುವ ಅಂಗಡಿಕಾರನಿಗೆ ಇಷ್ಟು ಶೋಕಿ ಯಾಕೋ. ಓದಲು ನೆಟ್ಟಗಿರದಿದ್ದರೆ ಅವನನ್ನು ಬೈಯಿ.

ನಿಮ್ಮ ಮಾಸ್ತರರಿಗೆ ಆ ಇಂಗ್ಲಿಷ್ ಮಾತಿನ ಅರ್ಥ ಅರ್ಧ ಮಾತ್ರ ಗೊತ್ತಿದೆ. ಸಂತೆಯಲ್ಲಿ ನಲವತ್ತು ವರ್ಷ ಮಣ್ಣು ತಿಂದವನು ಹೇಳುತ್ತೇನೆ, ಕೇಳು. ಬೆಲೆ ನೀನೇ ಹೇಳು ಎನ್ನುವವರಲ್ಲಿ ಒಬ್ಬನಿಗೆ ದನದ ಬಗ್ಗೆ ಏನೂ ತಿಳಿಯುವುದಿಲ್ಲ. ಇನ್ನೊಬ್ಬ ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಇಣುಕಿ ನೋಡುತ್ತಾನೆ. ಇವರಿಬ್ಬರೂ ಸರಿ, ಇವರ ಜೊತೆ ವ್ಯಾಪಾರ ಮಾಡಬಹುದು. ಮತ್ತೊಬ್ಬನಿದ್ದಾನೆ. ಅವನು ಮನೆ ಬಿಡುವಾಗಲೇ ಹಗ್ಗ ತಂದಿರುತ್ತಾನೆ. ಹೊಡೆದುಕೊಂಡು ಹೋಗುವುದೆಂದು ಅವನು ಮೊದಲೇ ತೀರ್ಮಾನಿಸಿರುತ್ತಾನೆ. ನಿನ್ನ ಬಾಯಿಂದ ಒಂದು ಬೆಲೆ ಬಿದ್ದರೆ ಸಾಕು ಅವನಿಗೆ. ಅಂಥವನ ಮುಂದೆ ಬಾಯಿ ಬಿಡಬಾರದು, ಕೈಯನ್ನಂತೂ ಮೊದಲೇ ಚಾಚಬಾರದು. ಇದು ನನಗೆ ತಡವಾಗಿ ತಿಳಿಯಿತು.

ಎಷ್ಟು ಹೇಳಿದೆ ಎಂದು ಕೇಳಬೇಡ. ವಸ್ತ್ರದ ಕೆಳಗೆ ಆಡಿದ ಬೆಲೆ ಆ ಎರಡು ಕೈಗಳಿಗೆ ಮಾತ್ರ ಸೇರಿದ್ದು. ಅದನ್ನು ಹೊರಗೆ ಹಾಕಿದ ದಲಾಲಿ ದಲಾಲಿಯೇ ಅಲ್ಲ.

ಊಟ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಬರೆ.

ನಿನ್ನ ಅಪ್ಪ
ಯಲ್ಲಾರಿ

ಇಲ್ಲಿಂದ ಮುಂದಿನದು ನೇಮಣ್ಣನ ಮಾತು, ತಂಗೀ. ನಿಮ್ಮಪ್ಪ ಆರು ವರ್ಷದಿಂದ ಸಂತೆಯಲ್ಲಿ ಯಾರ ಕೈಯನ್ನೂ ಹಿಡಿಯುತ್ತಿಲ್ಲ. ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಬಾಯಲ್ಲಿ ಕೂಗುತ್ತಾನೆ. ಉಳಿದ ದಲಾಲಿಗಳು ನಗುತ್ತಾರೆ. ಗಿರಾಕಿಗಳೂ ಕಡಿಮೆಯಾಗಿದ್ದಾರೆ.


ಗೋಕಾಕ
೨ ಮಾರ್ಚ್ ೧೯೫೯

ಯಲ್ಲಾರಿಯವರಿಗೆ,

ನೀವು ಮುಚ್ಚಿಟ್ಟ ಗುಟ್ಟು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿತ್ತು. ನಾನು ಹೆಕ್ಕಿಕೊಂಡು ಬಂದೆ.

ಶನಿವಾರ ಭೀಮರಾಯ ಸಿಕ್ಕಿದ್ದ. ಜೊತೆಗೆ ಮೂರನೆಯ ಹೆಂಡತಿ. ನನ್ನನ್ನು ಅವನೇ ಗುರುತು ಹಿಡಿದು, "ಕಾಡವ್ವನ ತಂಗಿ ಅಲ್ಲೇನ? ಮಾಸ್ತರಬಾಯಿ ಆಗಿ ಅಂತಲ್ಲ" ಎಂದ. ನಾನು ಅಲ್ಲಿಯೇ ನಿಂತು ಕೇಳಿದೆ. ಮುಚ್ಚುಮರೆ ಏನೂ ಮಾಡಲಿಲ್ಲ ಅವನು. ಮೀಸೆ ಸವರಿಕೊಂಡು ಹೇಳಿದ:

"ಎರಡ ಸಾವಿರ ಹೇಳಿದ ನಿಮ್ಮಪ್ಪ. ಒಂದ ರೂಪಾಯಿ ಕಡಿಮಿ ಮಾಡ ಅಂತ ಅನ್ನಲಿಲ್ಲ ನಾ. ಈ ಸುತ್ತ ಹತ್ತ ಹಳ್ಳ್ಯಾಗ ಯಾರರ ಕೊಟ್ಟಾರೇನ ಅಷ್ಟ ತೆರ?"

ಮೂರನೆಯ ಹೆಂಡತಿ ನೆಲ ನೋಡುತ್ತ ನಿಂತಿದ್ದಳು. ಅವಳಿಗೆ ಎಷ್ಟು ಕೊಟ್ಟನೋ ಕೇಳಬೇಕೆನಿಸಿತು.

ಎರಡು ಸಾವಿರ! ನಮ್ಮ ಮಂದಿಯಲ್ಲಿ ತೆರ ಇನ್ನೂರ ಒಂದು. ಆಗ ಹಲ್ಲು ಕೂಡಿ ಪ್ರಾಯಕ್ಕೆ ಬಂದ ಒಳ್ಳೆಯ ಜೋಡಿ ಎತ್ತಿಗೆ ಐದು ನೂರು. ಅಂದರೆ ನಾಲ್ಕು ಜೋಡಿ ಎತ್ತು ನಮ್ಮಕ್ಕ. ಅವನು ಕೇಳಿದ್ದೇ ತಡ, ನಿಮಗೆ ಬಾಯಲ್ಲಿ ನೀರೂರಿತೇ?

ಆ ಇಂಗ್ಲಿಷ್ ಮಾತಿಗೆ ಇನ್ನೊಂದು ಬಳಕೆ ಇದೆ ಎಂದು ಮೊನ್ನೆ ಮಾಸ್ತರರು ಹೇಳಿದರು. ಮಾಡಬಾರದ್ದನ್ನು ಮಾಡಿಸಲು ಒಬ್ಬನನ್ನು ಕೊಳ್ಳುವಾಗಲೂ ಹೀಗೆಯೇ ಕೇಳುತ್ತಾರಂತೆ. ಎಂಥ ಮನುಷ್ಯನಿಗೂ ಒಂದು ಬೆಲೆ ಇರುತ್ತದೆ, ಅದನ್ನು ಅವನ ಬಾಯಿಂದಲೇ ಹೇಳಿಸಬೇಕು, ಅಷ್ಟೇ ಎಂದರು. ಅಂದೇ ನನ್ನ ವಾಕ್ಯ ಬರೆದುಕೊಟ್ಟೆ: ಭೀಮರಾಯ ಬೆಲೆ ಕೇಳಿದ, ನಮ್ಮಪ್ಪ ಹೇಳಿದ. ಮಾಸ್ತರರು ವ್ಯಾಕರಣ ನೋಡಿ ಸರಿ ಎಂದು ಕೆಂಪು ಗುರುತು ಹಾಕಿದರು.

ರಾಯವ್ವ


ಮೂಡಲಗಿ
೧೫ ಮಾರ್ಚ್ ೧೯೫೯

ರಾಯವ್ವ,

ಭೀಮರಾಯನೇ ಹೊರಗೆ ಹಾಕಿದ ಮೇಲೆ ನಾನು ಮುಚ್ಚಿಡುವುದು ಏನು ಉಳಿಯಿತು? ಹೇಳುತ್ತೇನೆ. ಅಷ್ಟು ಬೆಲೆ ಯಾಕೆ ಹೇಳಿದೆ ಎಂಬುದು ನೇಮಣ್ಣನಿಗೂ ಹೊಸದು. ಬರೆಯುತ್ತ ಬರೆಯುತ್ತ ನನ್ನ ಮುಖ ನೋಡುತ್ತಿದ್ದಾನೆ.

ನನಗೆ ಕಾಡವ್ವನನ್ನು ಅವನಿಗೆ ಕೊಡುವ ಮನಸ್ಸು ಇರಲಿಲ್ಲ. ಅವನಿಗೆ ನಲವತ್ತು, ಇವಳಿಗೆ ಹದಿನೇಳು. ಆದರೆ ಹಿರಿಯರು ಐದು ಜನ ಬಂದು ಕೂತಿದ್ದರು. ಭೀಮರಾಯ ವರ್ಷಕ್ಕೆ ಹತ್ತು ಜೋಡಿ ನನ್ನ ಕೈಯಿಂದಲೇ ಕೊಳ್ಳುವವನು. ಮುಖಕ್ಕೆ ಹೊಡೆದಂತೆ ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ. ನಿಮ್ಮವ್ವ ಬದುಕಿದ್ದರೆ ಒಳಗಿನಿಂದಲೇ ಅಂದುಬಿಡುತ್ತಿದ್ದಳು. ಅವನಂತೆ ಎರಡನೆಯ ಸಂಬಂಧಕ್ಕೆ ಬಂದವನಿಗೆ ಇನ್ನೂರ ಒಂದರ ಕಟ್ಟಳೆ ಇಲ್ಲ, ಹೆಣ್ಣಿನ ತಂದೆ ಹೇಳಿದಷ್ಟು ತೆರ. ಅದನ್ನು ಹಿಡಿದುಕೊಂಡೇ ಅವನು ವಸ್ತ್ರ ಹಾಸಿದ.

ಮಾರಲು ಮನಸ್ಸಿಲ್ಲದ ಎತ್ತನ್ನು ಗಿರಾಕಿ ಬೆನ್ನು ಬಿದ್ದು ಕೇಳಿದಾಗ ನಾವು ಇಲ್ಲ ಎನ್ನುವುದಿಲ್ಲ. ಯಾರೂ ಕೊಡದಂಥ ಬೆಲೆ ಹೇಳುತ್ತೇವೆ. ಅವನು ನಗುತ್ತ ಕೈ ಬಿಡುತ್ತಾನೆ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಅಂದು ನಾನು ಮಾಡಿದ್ದೂ ಅದೇ. ಇಲ್ಲ ಎನ್ನಲು ನನ್ನ ಕಸುಬು ಕಲಿಸಿದ್ದ ರೀತಿ ಅದೊಂದೇ. ಅವನ ಎರಡು ಬೆರಳು ಹಿಡಿದು, ಸಾವಿರದ ಲೆಕ್ಕ ಎಂದು ಕಿವಿಯಲ್ಲಿ ಹೇಳಿದೆ. ಅಲ್ಲಿಗೆ ಸಂಬಂಧ ತಪ್ಪಿತು ಎಂದುಕೊಂಡೆ, ರಾಯವ್ವ. ನನಗೆ ಒಳಗೊಳಗೇ ನಗುವೂ ಬಂತು.

ಅವನು ಕೈ ಬಿಡಲಿಲ್ಲ. ನನ್ನ ಅಂಗೈ ಒತ್ತಿದ.

ಒತ್ತಿದರೆ ಒಪ್ಪಿದ ಹಾಗೆ. ತಾನೇ ಹೇಳಿದ ಬೆಲೆಗೆ ಗಿರಾಕಿ ಒಪ್ಪಿದ ಮೇಲೆ ಹಿಂದೆ ಸರಿದ ದಲಾಲಿಯ ಕೈಯನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಹಿರಿಯರು ನನ್ನ ಮುಖ ನೋಡಿದರು. ಭೀಮರಾಯ ವಸ್ತ್ರ ಸರಿಸಿ, "ಮುಗೀತು" ಎಂದ. ಆಗಲೂ ನಾನು ಒಲ್ಲೆ ಎನ್ನಲಿಲ್ಲ.

ಕಾಡವ್ವ ತೀರಿಹೋದ ಮೇಲೆ ಒಂದು ಸಂತೆಯಲ್ಲಿ ಕೊಣ್ಣೂರಿನ ಒಬ್ಬ ರೈತನ ಕೈ ಹಿಡಿದೆ. ವಸ್ತ್ರದ ಕೆಳಗೆ ನನ್ನ ಬೆರಳಿಗೆ ಬಳೆ ತಾಗಿತು. ಗಂಡಸಿನ ಕೈಯಲ್ಲಿ ಬಳೆ ಎಲ್ಲಿಯದು? ಮತ್ತೊಬ್ಬನ ಕೈ ಹಿಡಿದೆ, ಮತ್ತೆ ಬಳೆ. ಹಸಿರು ಗಾಜಿನ ಬಳೆ ಎಂದು ಮುಟ್ಟಿದಾಗಲೇ ತಿಳಿಯುತ್ತಿತ್ತು, ಬಣ್ಣ ಹೇಗೆ ತಿಳಿಯಿತು ಎಂದು ಕೇಳಬೇಡ. ಅಂದಿನಿಂದ ಬಾಯಲ್ಲೇ ಕೂಗುತ್ತೇನೆ.

ನಿನ್ನ ಅಪ್ಪ


ಗೋಕಾಕ
೨೨ ಮಾರ್ಚ್ ೧೯೫೯

ಅಪ್ಪಾ,

ನೀನು ಬರೆಸಿದ್ದನ್ನು ನಂಬಿದೆ. ನಂಬಿ ಒಂದು ಗಳಿಗೆ ಹಗುರವೂ ಆದೆ. ಆಮೇಲೆ ಮತ್ತೆ ಗೇಟಿನ ಕಡೆ ನೋಡಿದೆ.

ಮನಸ್ಸಿಲ್ಲದೆ ಕೊಟ್ಟೆ, ಸರಿ. ಅವಳು ಬೆನ್ನ ಮೇಲೆ ಬರೆ ಹೊತ್ತುಕೊಂಡು ತಿರುಗಿ ಬಂದಾಗ ತೆರ ವಾಪಸು ಎಸೆದು ಮಗಳನ್ನು ಇಟ್ಟುಕೊಳ್ಳಬಹುದಿತ್ತಲ್ಲ? ನಮ್ಮ ಮಂದಿಯಲ್ಲಿ ಅದಕ್ಕೆ ದಾರಿ ಇದೆ. ಹಿರಿಯರ ಮುಂದೆ ತೆರ ಇಟ್ಟರೆ ಸಂಬಂಧ ಕಡಿಯಿತು. ನೀನು ಹೊಲ ಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ, ಕುಡಿಯುವವನೂ ಅಲ್ಲ. ಆ ಎರಡು ಸಾವಿರ ಎಲ್ಲಿ ಹೋಯಿತು?

ರಾಯವ್ವ


ಹುಕ್ಕೇರಿ
೧೯ ಏಪ್ರಿಲ್ ೧೯೫೯

ತಂಗೀ ರಾಯವ್ವ,

ನಾನು ನೇಮಣ್ಣ. ನನ್ನ ತಂಗಿ ಜಿನ್ನವ್ವನ ಮನೆಗೆ ಬಂದಿದ್ದೇನೆ, ಇಲ್ಲಿಂದ ಬರೆಯುತ್ತಿದ್ದೇನೆ. ಮೂಡಲಗಿಯಲ್ಲಿ ಕೂತು ಬರೆದರೆ ನಿಮ್ಮಪ್ಪನಿಗೆ ಸುದ್ದಿ ಮುಟ್ಟುತ್ತದೆ, ಎದುರು ಸಿಕ್ಕಾಗ ಏನು ಬರೆದೆ ಎನ್ನುತ್ತಾನೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ.

ನಿನ್ನ ಕಾಗದ ಓದಿದೆ. ಅವನು ಕೇಳಿ, ಇದಕ್ಕೆ ಉತ್ತರ ಬರೆಯುವುದು ಬೇಡ ಎಂದ. ಮೂರು ಸಲ ಕೇಳಿದೆ. ಮೂರನೆಯ ಸಲ ಎದ್ದು ಹೋದ. ಅಂದಿನಿಂದ ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾನೆ. ಅವನು ಹೇಳುವವನಲ್ಲ, ನೀನು ಕೇಳುವುದನ್ನು ಬಿಡುವವಳಲ್ಲ. ಇಬ್ಬರೂ ಒಂದೇ ಮಣ್ಣಿನವರು, ನಡುವೆ ನಾನು ಸಿಕ್ಕಿಕೊಂಡೆ.

ಆ ದುಡ್ಡು ನನ್ನ ಅಂಗಡಿಯಲ್ಲೇ ಇತ್ತು. ಒಂದು ವರ್ಷ ಅವನು ಅದನ್ನು ಮುಟ್ಟಲಿಲ್ಲ. ಕಾಡವ್ವ ಎಂದಾದರೂ ಬಂದರೆ ಭೀಮರಾಯನಿಗೆ ಎಸೆಯಬೇಕು ಎನ್ನುತ್ತಿದ್ದ. ಐವತ್ತರಲ್ಲಿ ನಿನಗೆ ವಿಷಮಜ್ವರ ಬಂತು, ನೆನಪಿದೆಯೇ? ಬೆಳಗಾವಿಯ ದವಾಖಾನೆಯಲ್ಲಿ ಎರಡು ತಿಂಗಳು ಇದ್ದೆ. ಆಗ ಬಂದಿದ್ದ ಹೊಸ ಔಷಧಿ ಮುಂಬಯಿಯಿಂದ ತರಿಸಬೇಕಿತ್ತು. ಗಂಟು ಅಂದು ಮೊದಲ ಸಲ ಬಿಚ್ಚಿದ. ನೀನು ಬದುಕಿ ಬಂದ ಮೇಲೆ, ಈಕೆಯನ್ನು ಯಾವನ ವಸ್ತ್ರದ ಕೆಳಗೂ ಇಡುವುದಿಲ್ಲ, ಓದಿಸುತ್ತೇನೆ ಎಂದ. ಗೋಕಾಕಿನ ಸಾಲೆ, ಬೋರ್ಡಿಂಗು, ಪುಸ್ತಕ, ಸೀರೆ ಎಲ್ಲಾ ಅದರಲ್ಲೇ ಆಯಿತು. ಕಾಡವ್ವ ತಿರುಗಿ ಬಂದ ದಿನ ಗಂಟಿನಲ್ಲಿ ನೂರ ನಲವತ್ತು ರೂಪಾಯಿ ಇತ್ತು.

ಅಂದು ನನ್ನ ಹತ್ತಿರ ಸಾಲ ಕೇಳಿದ. ಆ ವರ್ಷ ನನ್ನ ಅಂಗಡಿಯೇ ಮುಚ್ಚುವ ಹಾಗಿತ್ತು. ಇನ್ನೂರು ಕೊಡುತ್ತೇನೆ ಎಂದೆ. ಎಲ್ಲಿಯ ಇನ್ನೂರು, ಎಲ್ಲಿಯ ಎರಡು ಸಾವಿರ! ಆ ಇನ್ನೂರು ಇಂದಿಗೂ ನನಗೆ ಚುಚ್ಚುತ್ತದೆ.

ಇದನ್ನು ಬರೆದದ್ದು ತಪ್ಪಾಗಿದ್ದರೆ ಆ ತಪ್ಪು ನನ್ನದು.

ನೇಮಣ್ಣ


ಗೋಕಾಕ
೩ ಮೇ ೧೯೫೯

ತೀರ್ಥರೂಪ ಅಪ್ಪನಿಗೆ ರಾಯವ್ವ ಮಾಡುವ ನಮಸ್ಕಾರ.

ನೇಮಣ್ಣ ಕಾಕಾ ಎಲ್ಲವನ್ನೂ ಬರೆದರು. ಅವರನ್ನು ಬೈಯಬೇಡ, ಅವರ ಅಂಗಡಿಗೆ ಹೋಗು.

ಎರಡು ವಾರ ನಾನು ಸಾಲೆಗೆ ಹೋಗಲಿಲ್ಲ. ಹಲಗೆಯ ಮುಂದೆ ನಿಂತರೆ, ಈ ಸುಣ್ಣದ ಕಡ್ಡಿ ಹಿಡಿದ ಕೈಯನ್ನು ಅಕ್ಕನನ್ನು ಕೊಟ್ಟು ಕೊಂಡದ್ದು ಎನಿಸುತ್ತದೆ. ನಿನ್ನ ಬೆಲೆ ಕೇಳಿದೆ, ನನ್ನದು ಸಿಕ್ಕಿತು.

ಈಗ ನಾನು ನಿನಗೆ ಒಂದು ಹೇಳಬೇಕು. ಇದನ್ನು ಯಾರಿಗೂ ಹೇಳಿಲ್ಲ. ನೇಮಣ್ಣ ಕಾಕಾ ಓದುತ್ತಾರೆ, ಓದಲಿ.

ಅಕ್ಕ ನಿನ್ನ ಹತ್ತಿರ ಬರುವ ಮೊದಲು ನನ್ನ ಹತ್ತಿರ ಬಂದಿದ್ದಳು. ಮರುದಿನ ನನ್ನ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಶುರುವಾಗುವುದಿತ್ತು. ಮಧ್ಯಾಹ್ನ ಮೂರು ಗಂಟೆಗೆ ಬೋರ್ಡಿಂಗಿನ ಲಗಮವ್ವ ಬಂದು, ಗೇಟಿನಲ್ಲಿ ಯಾರೋ ನಿಂತಿದ್ದಾರೆ ಎಂದಳು. ಇದೇ ಸಾಲೆಯ ಗೇಟಿನಲ್ಲಿ ಅಕ್ಕ ಗಂಟು ಹಿಡಿದು ನಿಂತಿದ್ದಳು. ಮುಖ ಊದಿತ್ತು. "ನನ್ನ ಜೋಡಿ ಮೂಡಲಗಿಗೆ ಬಾ ರಾಯವ್ವ. ನೀ ಹೇಳಿದ್ರ ಅಪ್ಪ ಕೇಳ್ತಾನ. ನಾ ಒಬ್ಬಾಕಿ ಹೋದ್ರ ತಿರಗಿ ಕಳಸ್ತಾನ" ಎಂದಳು.

ನಾನು ಏನಂದೆ ಗೊತ್ತೇ? "ಎಂಟ ದಿನ ತಡಿ ಅಕ್ಕಾ, ಪರೀಕ್ಷಾ ಮುಗೀಲಿ" ಎಂದೆ. ಹುಡುಗಿಯರು ಕಿಟಕಿಯಲ್ಲಿ ನೋಡುತ್ತಿದ್ದರು. ಅವಳ ಹರಿದ ಸೀರೆ ಕಂಡು ನನಗೆ ನಾಚಿಕೆಯೂ ಆಗಿತ್ತು. ಅದನ್ನೂ ಬರೆಯುತ್ತೇನೆ, ಬಿಡುವುದಿಲ್ಲ. ಅವಳು ಆಯಿತು ಎಂದು ಹೋದಳು. ನಾನು ಒಳಗೆ ಬಂದು ಭೂಗೋಳ ಓದಿದೆ.

ಗೇಟಿನಲ್ಲಿ ನಿಲ್ಲುವವಳು ನಿನ್ನ ಉತ್ತರ ಕೇಳಲು ಬರುತ್ತಿರಲಿಲ್ಲ. ಆರು ವರ್ಷ ಮನಸ್ಸಿನಲ್ಲೇ ನಿನ್ನನ್ನು ಬೈದದ್ದು ಅವಳ ಮುಖ ನೋಡದೆ ಇರಲಿಕ್ಕೆ. ನನ್ನನ್ನು ಏನು ಬೇಕಾದರೂ ಅನ್ನು ಅಪ್ಪಾ. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಮಗಳು
ರಾಯವ್ವ


ಮೂಡಲಗಿ
೧೭ ಮೇ ೧೯೫೯

ಮಗಳೇ,

ನೇಮಣ್ಣ ನಿನ್ನ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೆ ಓದಲಾರೆ ಎಂದ. ಓದು, ನನಗೆ ಗೊತ್ತಿರುವುದೇ ಇದೆ ಅದರಲ್ಲಿ ಎಂದೆ.

ಹೌದು, ಗೊತ್ತಿತ್ತು. ಬಂದ ಸಂಜೆಯೇ ಕಾಡವ್ವ ಹೇಳಿದ್ದಳು. ರೊಟ್ಟಿ ಬಡಿಯುತ್ತ ಕೂತಿದ್ದಳು. ಬಂದವಳೇ ಒಲೆಯ ಮುಂದೆ ಕೂತಳು, ಎಲ್ಲಿಗೂ ಹೋಗಿರಲಿಲ್ಲ ಎನ್ನುವ ಹಾಗೆ. "ಗೋಕಾಕಿಗೆ ಹೋಗಿದ್ನೆಪ್ಪ. ರಾಯವ್ವ ಎಂಟ ದಿನ ತಡಿ ಅಂದ್ಲು. ಸಣ್ಣಾಕಿ, ನನ್ನ ನೋಡಿ ಅಂಜ್ಯಾಳ" ಎಂದಳು. ಆಮೇಲೆ ತೆರ ಎಲ್ಲಿ ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ವರ್ಷ ಹೇಗಾದರೂ ತಾಳು, ಕೂಡಿಸಿ ಎಸೆಯುತ್ತೇನೆ ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. "ಛಲೋ ಆತು ಬಿಡ. ಒಬ್ಬಾಕಿಗರ ಉಪಯೋಗಕ್ಕ ಬಂತಲ್ಲ" ಎಂದಳು. ವ್ಯಂಗ್ಯಕ್ಕೆ ಅಂದದ್ದಲ್ಲ, ರಾಯವ್ವ. ಅವಳಿಗೆ ವ್ಯಂಗ್ಯ ಆಡಲು ಬರುತ್ತಿರಲಿಲ್ಲ.

ಮುಂಜಾನೆ ಹೊರಡುವಾಗ ನನ್ನಿಂದ ಮಾತು ತೆಗೆದುಕೊಂಡಳು. "ರೊಕ್ಕ ಅಕಿ ಸಾಲಿಗೆ ಹೋತು ಅಂತ ಅಕಿಗೆ ಎಂದೂ ಹೇಳಬ್ಯಾಡ. ನಾ ಅಕಿ ಕಡೆ ಹೋಗಿದ್ದೂ ನಿನಗ ಗೊತ್ತಿಲ್ಲ. ಅಕಿ ಸಿಟ್ಟಾದ್ರ ನಿನ್ನ ಮ್ಯಾಲ ಆಗ್ಲಿ ಅಪ್ಪ, ತನ್ನ ಮ್ಯಾಲ ಆಗೂದ ಬ್ಯಾಡ. ನೀ ತಡಕೋತಿ" ಎಂದಳು. ಎಂಟು ದಿನಕ್ಕೆ ತಂಗಿಯನ್ನು ನೋಡುವವಳು ಇಂಥ ಮಾತು ಯಾಕೆ ಆಡುತ್ತಾಳೆ ಎಂದು ನಾನು ಕೇಳಬೇಕಿತ್ತು. ನಾನು ಅವಳ ಗಂಟು ಎತ್ತಿ ಗಾಡಿಯಲ್ಲಿಟ್ಟೆ.

ನೀನು ಬೈದು ಬರೆದಾಗಲೆಲ್ಲ ನನಗೆ ಒಂದು ಬಗೆಯ ಸಮಾಧಾನವಾಗುತ್ತಿತ್ತು. ಕಾಡವ್ವ ಹೇಳಿದಂತೆ ನಡೆಯುತ್ತಿದೆ, ಸಿಟ್ಟು ಬೀಳಬೇಕಾದಲ್ಲೇ ಬೀಳುತ್ತಿದೆ ಎಂದುಕೊಳ್ಳುತ್ತಿದ್ದೆ. ನೀನು ನನ್ನ ಹೊಸ್ತಿಲು ತುಳಿಯದಿದ್ದರೂ ಚಿಂತೆಯಿಲ್ಲ, ಹದಿನಾರು ವರ್ಷದ ಹುಡುಗಿ ಪರೀಕ್ಷೆಯ ಹಿಂದಿನ ದಿನ ಅಂದ ಮಾತನ್ನು ಜೀವಮಾನ ಹೊತ್ತು ತಿರುಗಬಾರದು. ಅದು ಸಣ್ಣವಳು ಆಡಿದ ಮಾತು. ಗಾಡಿ ಹೂಡಿದವನು ನಾನು.

ಇಂಗ್ಲಿಷ್ ಬಿಡಬೇಡ, ಸಾಲೆಗೂ ಹೋಗು. ಅವಳು ಛಲೋ ಆತು ಎಂದದ್ದನ್ನು ಸುಳ್ಳು ಮಾಡಬೇಡ.

ಜೀವನದಲ್ಲಿ ಎರಡು ಮಾತು ಕೊಟ್ಟಿದ್ದೆ. ಭೀಮರಾಯನಿಗೆ ಕೊಟ್ಟದ್ದನ್ನು ಉಳಿಸಿಕೊಂಡೆ. ಕಾಡವ್ವನಿಗೆ ಕೊಟ್ಟದ್ದನ್ನು ಈಗ, ನೇಮಣ್ಣನ ಅಂಗಡಿಯಲ್ಲಿ ಕೂತು ಮುರಿದೆ. ಮಾತು ಮುರಿದರೆ ಏನೋ ಆಗುತ್ತದೆ ಎಂದು ಐವತ್ತೆಂಟು ವರ್ಷ ಅಂಜಿದ್ದೆ. ಏನೂ ಆಗಲಿಲ್ಲ, ರಾಯವ್ವ. ಹೊರಗೆ ಮಂದಿ ಹಗ್ಗ ಕೊಳ್ಳುತ್ತಿದ್ದಾರೆ. ಆ ದಿನ ಪಡಸಾಲೆಯಲ್ಲಿ ಮುರಿದಿದ್ದರೂ ಏನೂ ಆಗುತ್ತಿರಲಿಲ್ಲ.

ನಿನ್ನ ಅಪ್ಪ
ಯಲ್ಲಾರಿ